ಕಂಡದ್ದನ್ನು ನೋಡುವದು

(ಹಳೇ ಹುಬ್ಬಳ್ಳಿಯಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಸ್ಥರೂ ಕೂಡಿದ್ದ ರವಿವಾರದ ಬೈಠಕಿನಲ್ಲಿ ಮಾಡಿದ ಭಾಷಣ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಕೊಟ್ಟಿದೆ. — ಸಂ.)



ಮಾಸ್ತರಿಕೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದರೂ ಪರೀಕ್ಷೆ ತೆಗೆದುಕೊಳ್ಳುವ ಚಟ ನನ್ನನ್ನು ಬಿಟ್ಟಿಲ್ಲ. ಆದ್ದರಿಂದ ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ಹಲವರ ಕಿಸೆಯಲ್ಲಿ ಐವತ್ತು ರೂಪಾಯಿಯ ನೀಲಿ ನೋಟು ಇದ್ದೀತು. ಈಗಲೇ ಹೊರಗೆ ತೆಗೆಯಬೇಡಿರಿ. ಅದರ ಹಿಂಬದಿಗೆ ಯಾವ ಚಿತ್ರವಿದೆ?

ಗಾಂಧೀಜಿ ಎಂದಿರಿ, ಅದು ಮುಂಬದಿ. ಕೆಂಪುಕೋಟೆ ಎಂದಿರಿ, ಅದು ಐನೂರರ ನೋಟು. ಈಗ ತೆಗೆದು ನೋಡಿರಿ. ನಮ್ಮ ಹಂಪಿಯ ಕಲ್ಲಿನ ರಥ! 2017ರಿಂದ ಅದು ನಿಮ್ಮ ಗಲ್ಲೆಯಲ್ಲಿ, ನಿಮ್ಮ ಸೀರೆಯ ಗಂಟಿನಲ್ಲಿ, ನಿಮ್ಮ ಪಗಾರಿನ ಕಟ್ಟಿನಲ್ಲಿ ಓಡಾಡುತ್ತಲಿದೆ. ಅದೇ ಬದಿಗೆ ಹದಿನೈದು ಭಾಷೆಗಳಲ್ಲಿ ಬೆಲೆ ಬರೆದ ಪಟ್ಟಿಯಿದೆ. ಅದರಲ್ಲಿ ನಮ್ಮ ಕನ್ನಡ ನಾಲ್ಕನೆಯ ಸಾಲು. ಇಷ್ಟು ಜನರಲ್ಲಿ ಇದನ್ನು ಹೇಳಿದವರು ಒಬ್ಬರೂ ಇಲ್ಲ. ಇದಕ್ಕಾಗಿ ಯಾರೂ ನಾಚಬೇಕಾಗಿಲ್ಲ. ನೋಟು ಕೈಗೆ ಬಂದಾಗ ಬೇಳೆಯ ಲೆಕ್ಕ ತಲೆಯಲ್ಲಿರುತ್ತದೆಯೇ ಹೊರತು ಚಿತ್ರವಲ್ಲ.

ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ: ಕಾಣುವದು, ನೋಡುವದು. ಕಣ್ಣು ತೆರೆದರೆ ಕಾಣುತ್ತದೆ. ನೋಡಬೇಕಾದರೆ ಮನಸ್ಸು ಮಾಡಬೇಕು. ಇವತ್ತಿನ ವಿಷಯ ಫೋಟೋ ತೆಗೆಯುವದು ಎಂದು ಹಲಗೆಯ ಮೇಲೆ ಬರೆದಿದ್ದಾರೆ. ಕ್ಯಾಮರಾದ ತಿರುಪು, ಗುಂಡಿಗಳ ಬಗ್ಗೆ ನನಗೆ ಹೆಚ್ಚು ತಿಳಿಯದು. ಅದನ್ನು ನಿಮ್ಮ ಮಕ್ಕಳು ನನಗಿಂತ ಚೆನ್ನಾಗಿ ಬಲ್ಲರು. ನಾನು ಹೇಳಬೇಕೆಂದಿರುವದು, ದಿನಾ ಕಾಣುವದನ್ನು ನೋಡಲಿಕ್ಕೆ ಈ ಯಂತ್ರ ನಮಗೆ ಹೇಗೆ ನೆರವಾದೀತು, ಮತ್ತು ಅದು ಕೆಲಸಗಾರನಿಗೆ ಯಾಕೆ ಬೇಕು ಎಂಬುದನ್ನು.

ಯಾಕೆ ಬೇಕು ಎಂಬುದೇ ಮೊದಲಾಗಲಿ. ಈ ಭಾಷಣದ ಸುದ್ದಿ ಹಬ್ಬಿದಾಗ ಒಬ್ಬ ಹಿರಿಯರು, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ; ಮಾಸ್ತರಿಗೆ ಬ್ಯಾರೆ ಕೆಲಸ ಇಲ್ಲೇನು?" ಎಂದರು. ಪ್ರಶ್ನೆ ಸರಿಯಾಗಿದೆ. ನಾನೊಂದು ಮರುಪ್ರಶ್ನೆ ಕೇಳುತ್ತೇನೆ. ಗಿರಣಿಯಲ್ಲಿ ಸಾವಿರಾರು ಎಳೆಗಳ ನಡುವೆ ಒಂದೇ ಎಳೆ ಹರಿದರೆ ಅದನ್ನು ಕ್ಷಣದಲ್ಲಿ ಹಿಡಿಯುವ ಕಣ್ಣು ಯಾರದು? ದುರ್ಗದಬೈಲಿನಲ್ಲಿ ಗಿರಾಕಿ ಹತ್ತು ಹೆಜ್ಜೆ ದೂರವಿದ್ದಾಗಲೇ ಅವನು ರೊಕ್ಕ ಕೊಡುವವನೋ ಉದ್ರಿ ಕೇಳುವವನೋ ಎಂದು ಅಳೆಯುವ ಕಣ್ಣು ಯಾರದು? ನಮ್ಮ ಕಣ್ಣಿಗೇನೂ ಮಂಜು ಕವಿದಿಲ್ಲ. ಅದು ಎಂಟು-ಹತ್ತು ತಾಸು ಇನ್ನೊಬ್ಬರ ಕೆಲಸಕ್ಕೆ ದುಡಿಯುತ್ತದೆ; ತೋಳಿನ ಕೂಡ ಕಣ್ಣನ್ನೂ ನಾವು ಮಾರಿದ್ದೇವೆ. ಪಾಳಿ ಮುಗಿಸಿ ಹೊರಗೆ ಬಂದಾಗ ಅದಕ್ಕೆ ದಣಿವು. ಮನೆಯ ದಾರಿ ಕಾಣುತ್ತದೆ, ಅಷ್ಟೇ. ಇನ್ನು ಸ್ವಲ್ಪ ಕಣ್ಣು ಉಳಿದಿದ್ದರೆ ಅದನ್ನು ಜಾಹಿರಾತಿನ ಫಲಕಗಳು ಹರಿದುಕೊಳ್ಳುತ್ತವೆ. ಕೂಲಿಯ ತಾಸು ಕಡಿಮೆ ಮಾಡಿರೆಂದು ನಾವು ಹೋರಾಡಿದ್ದು ನಿದ್ದೆಗಾಗಿ ಮಾತ್ರ ಅಲ್ಲ. ಕಣ್ಣು ಮನುಷ್ಯನಿಗೆ ತಿರುಗಿ ಸಿಗಲಿ ಎಂದೂ ಹೌದು.

ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸುವಾಗ ಹುಡುಗರಿಗೆ "ನಿಮ್ಮ ಮನೆ ಬರೆಯಿರಿ" ಎಂದು ಹೇಳುತ್ತಿದ್ದೆ. ಮೇಲ್ಮುದ್ದೆಯ ಮನೆಗಳಲ್ಲಿ, ತಗಡಿನ ಚಪ್ಪರಗಳಲ್ಲಿ ಇರುವ ಹುಡುಗರು. ಎಲ್ಲರೂ ಬರೆಯುತ್ತಿದ್ದದ್ದು ಒಂದೇ ಚಿತ್ರ. ಎರಡು ಇಳಿಜಾರಿನ ಹಂಚಿನ ಮನೆ, ಹಿಂದೆ ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಪಕ್ಕದಲ್ಲಿ ತೆಂಗಿನ ಗಿಡ, ಮುಂದೆ ಒಂದು ಹೊಳೆ. ಹಳೇ ಹುಬ್ಬಳ್ಳಿಯಲ್ಲಿ ಹೊಳೆ ಎಲ್ಲಿಂದ ಬಂತು? ಮನೆಯ ಮುಂದಿನ ಗಟಾರವನ್ನು ಒಬ್ಬನೂ ಬರೆಯಲಿಲ್ಲ. ಕೊಡ ಸಾಲಿಗೆ ಇಟ್ಟು ನೀರಿಗೆ ಕಾಯುವ ತಾಯಿಯನ್ನೂ ಬರೆಯಲಿಲ್ಲ. ಪುಸ್ತಕದಲ್ಲಿ ಇರುವದು ಮಾತ್ರ ಚಿತ್ರಕ್ಕೆ ಯೋಗ್ಯ, ತನ್ನ ಮನೆ ಅಲ್ಲ ಎಂದು ಆ ಎಂಟು ವರ್ಷದ ಹುಡುಗ ಆಗಲೇ ತೀರ್ಮಾನಿಸಿಬಿಟ್ಟಿದ್ದ. ಬಡತನದ ಕೆಟ್ಟ ಪರಿಣಾಮಗಳಲ್ಲಿ ಇದೂ ಒಂದೆಂದು ನನ್ನ ಎಣಿಕೆ: ನಮ್ಮದು ನೋಡಲಿಕ್ಕೆ ಯೋಗ್ಯವಲ್ಲ ಎಂದು ನಾವೇ ನಂಬುವದು.

ಈಗ ಯಂತ್ರದ ಮಾತಿಗೆ ಬರೋಣ. ಅದರ ಗುಟ್ಟು ಬಹಳ ಹಳೆಯದು. ನೋಡಬೇಕಾದರೆ ಹಂಪಿಗೇ ಹೋಗಬೇಕು. ವಿರೂಪಾಕ್ಷನ ಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆಯ ಜಾಗೆಯಿದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ಎದುರಿನ ಗೋಡೆಯ ಮೇಲೆ ಬೀಳುತ್ತದೆ. ಆ ಬೆಳಕಿನಲ್ಲಿ ಗುಡಿಯ ಮುಂದಿನ ಒಂಬತ್ತು ನೆಲೆಯ ಗೋಪುರ ತಲೆಕೆಳಗಾಗಿ ಕಾಣುತ್ತದೆ. ಯಾತ್ರಿಕರು ಪವಾಡವೆಂದು ಕೈ ಮುಗಿಯುತ್ತಾರೆ. ಬೆಳಕು ನೆಟ್ಟಗೆ ಚಲಿಸುತ್ತದೆ. ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿಯನ್ನು ದಾಟಿ ಕೆಳಕ್ಕೆ ಹೋಗುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಚಿತ್ರ ಅಡಿಮೇಲು. ನಿಮ್ಮ ಮನೆಯಲ್ಲಿಯೂ ಮಾಡಿ ನೋಡಬಹುದು. ಬೀದಿಯ ಕಡೆಯ ಕಿಟಕಿಗೆ ದಪ್ಪ ಕಾಗದ ಹಚ್ಚಿರಿ, ಬಾಗಿಲು ಮುಚ್ಚಿರಿ, ಬೆಳಕಿಂಡಿಗೂ ಗೋಣಿಚೀಲ ಹೊದಿಸಿರಿ. ಕಾಗದದಲ್ಲಿ ಕಡಲೆಕಾಳಿನಷ್ಟು ತೂತು ಮಾಡಿರಿ. ಬಿಸಿಲು ಚೆನ್ನಾಗಿದ್ದರೆ ಎದುರಿನ ಸುಣ್ಣದ ಗೋಡೆಯ ಮೇಲೆ ನಿಮ್ಮ ಬೀದಿಯೇ ತಲೆಕೆಳಗಾಗಿ ನಡೆದಾಡುವದು. ಕಣ್ಣು ಕತ್ತಲೆಗೆ ಹೊಂದುವ ವರೆಗೆ ಸ್ವಲ್ಪ ತಡೆಯಬೇಕಷ್ಟೆ. ತೂತು ಸಣ್ಣದಾದಷ್ಟು ಚಿತ್ರ ಸ್ಪಷ್ಟ, ಆದರೆ ಮಬ್ಬು. ಕ್ಯಾಮರಾ ಎಂದರೆ ಇಂಥದೇ ಒಂದು ಕತ್ತಲೆಕೋಣೆ. ಆ ಶಬ್ದದ ಮೂಲ ಅರ್ಥವೇ ಕೋಣೆ. ಬಿದ್ದ ಬೆಳಕನ್ನು ಹಿಡಿದಿಡುವ ರಾಸಾಯನಿಕ ಉಪಾಯವನ್ನು 1839ರಲ್ಲಿ ಫ್ರಾನ್ಸಿನ ದಾಗೆರ್ ಎಂಬವನು ಲೋಕಕ್ಕೆ ತೋರಿಸಿದ. ಇವತ್ತು ನಿಮ್ಮ ಮೊಬಾಯಿಲಿನಲ್ಲಿ ರಾಸಾಯನಿಕದ ಬದಲು ವಿದ್ಯುತ್ತಿನ ಒಂದು ಸಣ್ಣ ಬಿಲ್ಲೆಯಿದೆ. ಉಳಿದದ್ದೆಲ್ಲ ಅದೇ ಕಿಂಡಿ, ಅದೇ ಕೋಣೆ.

ಈ ಕೋಣೆ ನಮ್ಮ ಸೀಮೆಗೆ ಯಾರ ಕೈಯಲ್ಲಿ ಬಂತು? 1850ರ ದಶಕದಲ್ಲಿ ಬಿಗ್ಸ್ ಎಂಬ ಸೈನ್ಯದ ಅಧಿಕಾರಿ, ಪಿಗೂ ಎಂಬ ವೈದ್ಯ, ನೀಲ್ ಎಂಬ ಇನ್ನೊಬ್ಬರು ಧಾರವಾಡ, ಮೈಸೂರು ಸೀಮೆಯ ಗುಡಿಗಳ ಚಿತ್ರ ತೆಗೆದರು. 1866ರಲ್ಲಿ ಲಂಡನ್ನಿನಲ್ಲಿ ಅದು ದೊಡ್ಡ ಪುಸ್ತಕವಾಯಿತು, ಮೆಡೋಸ್ ಟೇಲರ್ ಅದಕ್ಕೆ ಇತಿಹಾಸ ಬರೆದುಕೊಟ್ಟ. ಒಳ್ಳೆಯ ಕೆಲಸವೇ, ಇಲ್ಲವೆನ್ನಲಾರೆ. ಆದರೆ ಅವರ ಕಣ್ಣು ಹೋದದ್ದು ಕಲ್ಲಿನ ಕಡೆಗೆ. ಆ ಕಾಲದ ಅಂಥ ಚಿತ್ರಗಳಲ್ಲಿ ಗುಡಿಯ ಮುಂದೆ ಒಬ್ಬ ಮನುಷ್ಯ ನಿಂತಿದ್ದರೆ ಬಹುಮಟ್ಟಿಗೆ ಕಂಬದ ಎತ್ತರ ತಿಳಿಯಲಿ ಎಂದು ನಿಲ್ಲಿಸಿದ್ದು, ಅವನೊಂದು ಅಳತೆಗೋಲು. ಮನುಷ್ಯರನ್ನೇ ತೆಗೆದಾಗ ಇನ್ನೂ ಕೆಟ್ಟದಾಯಿತು. 1868ರಿಂದ 1875ರ ವರೆಗೆ ಭಾರತದ ಜನರ ಬಗ್ಗೆ ಸರಕಾರ ಎಂಟು ಸಂಪುಟಗಳನ್ನು ಹೊರಡಿಸಿತು. ಜಾತಿಗೊಂದು, ಕುಲಕ್ಕೊಂದು ಚಿತ್ರ; ಕೆಳಗೆ ಇವರು ನಂಬಿಗಸ್ಥರು, ಇವರು ಕಳ್ಳರು ಎಂಬಂಥ ಷರಾ. ಸಂತೆಯಲ್ಲಿ ದನದ ಹಲ್ಲು ಎಣಿಸಿ ನೋಡುತ್ತಾರಲ್ಲ, ಅಂಥ ನೋಟ.

ಆದರೂ ಯಂತ್ರಕ್ಕೆ ಯಜಮಾನನ ಪಕ್ಷಪಾತ ಪೂರ್ತಿ ಬರುವದಿಲ್ಲ. ಅವನು ನೋಡದೇ ಬಿಟ್ಟದ್ದನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. 1856ರಲ್ಲಿ ಗ್ರೀನ್ಲಾ ಎಂಬ ಸೈನ್ಯಾಧಿಕಾರಿ ಹಂಪಿಗೆ ಹೋಗಿ ಮೇಣ ಸವರಿದ ಅಗಲವಾದ ಕಾಗದದ ಮೇಲೆ ಚಿತ್ರಗಳನ್ನು ತೆಗೆದ. ಅದರಲ್ಲಿ ಆ ಕಲ್ಲಿನ ರಥವೂ ಇದೆ. ನಿಮ್ಮ ಕೈಯಲ್ಲಿಯ ನೋಟನ್ನು ಇನ್ನೊಮ್ಮೆ ನೋಡಿರಿ: ರಥದ ಮೇಲ್ಭಾಗ ಬೋಳಾಗಿದೆ. ಗ್ರೀನ್ಲಾನ ಚಿತ್ರದಲ್ಲಿ ಅದರ ಮೇಲೆ ಇಟ್ಟಂಗಿಯ ಶಿಖರವೊಂದು ನಿಂತಿದೆ! ಮುಂದೆ ಅದನ್ನು ತೆಗೆದುಹಾಕಿದರು. ಆ ಚಿತ್ರ ಇಲ್ಲದಿದ್ದರೆ ರಥ ಮೊದಲಿನಿಂದಲೂ ಹೀಗೇ ಇತ್ತೆಂದು ನಾವೆಲ್ಲ ಪ್ರಮಾಣ ಮಾಡಿ ಹೇಳುತ್ತಿದ್ದೆವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬ ಛಾಯಾಚಿತ್ರಕಾರ ಗ್ರೀನ್ಲಾ ನಿಂತ ಜಾಗೆಗಳನ್ನೇ ಹುಡುಕಿ ಮತ್ತೆ ಅವೇ ನೋಟಗಳನ್ನು ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನೂರಿಪ್ಪತ್ತೇಳು ವರ್ಷ ಏನು ಮಾಡಿತೆಂಬುದು ಓದು ಬರದವನಿಗೂ ತಿಳಿಯುತ್ತದೆ. ಈ ಉಪಾಯವನ್ನು ನೆನಪಿಡಿರಿ; ಮುಂದೆ ಬೇಕಾಗುತ್ತದೆ.

ಈಗ ನನ್ನ ಮೆಚ್ಚಿನ ಮನುಷ್ಯನ ಕತೆ. ಲೂಯಿಸ್ ಹೈನ್, ಅಮೇರಿಕೆಯವನು, 1874ರಲ್ಲಿ ಹುಟ್ಟಿದವನು; ನ್ಯೂಯಾರ್ಕಿನ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದ. ಮಾಸ್ತರನಾಗಿದ್ದನೆಂಬ ಕಾರಣಕ್ಕೇ ನನಗೆ ಮೆಚ್ಚಿಗೆ ಎಂದು ನೀವು ನಗಬಹುದು, ಇರಲಿ. 1908ರಲ್ಲಿ ಬಾಲಕಾರ್ಮಿಕರ ಪರವಾಗಿ ದುಡಿಯುವ ರಾಷ್ಟ್ರೀಯ ಸಮಿತಿಯೊಂದು ಅವನಿಗೆ ಕೆಲಸ ಕೊಟ್ಟಿತು: ಮಕ್ಕಳು ಎಲ್ಲೆಲ್ಲಿ ದುಡಿಯುತ್ತಾರೋ ಅಲ್ಲಿಗೆ ಹೋಗಿ ಚಿತ್ರ ತೆಗೆದುಕೊಂಡು ಬಾ. ದಕ್ಷಿಣದ ಹತ್ತಿ ಗಿರಣಿಗಳ ಬಾಗಿಲಲ್ಲಿ ಕಾವಲು. ಇವನು ಒಮ್ಮೆ ಬೈಬಲ್ ಮಾರುವವನಾಗಿ, ಒಮ್ಮೆ ವಿಮೆಯ ಏಜಂಟನಾಗಿ, ಒಮ್ಮೆ ಯಂತ್ರಗಳ ಚಿತ್ರ ತೆಗೆಯುವವನಾಗಿ ಒಳಗೆ ಸೇರುತ್ತಿದ್ದ. ಯಂತ್ರದ ಅಳತೆ ತಿಳಿಯಲಿ ಎಂಬ ನೆವದಿಂದ ಪಕ್ಕದಲ್ಲಿ ಒಬ್ಬ ಹುಡುಗಿಯನ್ನು ನಿಲ್ಲಿಸುತ್ತಿದ್ದ. ಇಲ್ಲಿಯೂ ಮನುಷ್ಯ ಅಳತೆಗೋಲಾದನಲ್ಲ ಎನ್ನುತ್ತೀರಾ? ನಿಜ, ಆದರೆ ಇಲ್ಲಿ ಅಳೆಯಲಿಕ್ಕೆ ಹತ್ತಿದ್ದು ಯಂತ್ರವನ್ನಲ್ಲ, ಮಗುವನ್ನು. ತನ್ನ ಅಂಗಿಯ ಮೇಲಿನ ಜಾಕೀಟಿನ ಪ್ರತಿಯೊಂದು ಗುಂಡಿಯೂ ನೆಲದಿಂದ ಎಷ್ಟು ಎತ್ತರ ಎಂದು ಅವನು ಮೊದಲೇ ಅಳೆದಿಟ್ಟುಕೊಂಡಿದ್ದ. ಮಗು ಎಷ್ಟನೆಯ ಗುಂಡಿಗೆ ಬರುತ್ತದೆ ನೋಡಿ, ಕೈಯನ್ನು ಕಿಸೆಯೊಳಗೇ ಇಟ್ಟುಕೊಂಡು ಚೀಟಿಯ ಮೇಲೆ ಎತ್ತರ, ವಯಸ್ಸು, ಕೂಲಿ ಬರೆದುಕೊಳ್ಳುತ್ತಿದ್ದ.

ಅವನ ಒಂದು ಚಿತ್ರದಲ್ಲಿ ನೂಲಿನ ಯಂತ್ರದ ಉದ್ದನೆಯ ಸಾಲು ದೂರದ ವರೆಗೆ ಹೋಗಿದೆ. ಕದಿರುಗಳು ಒಂದರ ಹಿಂದೊಂದು ಸಣ್ಣಗಾಗುತ್ತ ಹೋಗಿವೆ. ಆ ಸಾಲಿಗೆ ಕೈ ಹಚ್ಚಿ ಒಬ್ಬಳು ಚಿಕ್ಕ ಹುಡುಗಿ ನಿಂತಿದ್ದಾಳೆ. ಅಳುತ್ತಿಲ್ಲ, ಕೈ ಮುಂದೆ ಚಾಚಿಲ್ಲ, ಕೆಲಸ ಮಾಡುತ್ತಲಿದ್ದಾಳೆ. ಗಿರಣಿಯ ಮಾಲೀಕನೂ ದಿನಾ ಅವಳನ್ನು ಕಂಡಿದ್ದ. ಅವಳ ಬಟ್ಟೆ ತೊಟ್ಟ ಊರಿನವರೂ ಕಂಡಿದ್ದರು. ಚಿತ್ರ ಪತ್ರಿಕೆಯಲ್ಲಿ, ಗೋಡೆಯಲ್ಲಿ, ಸಭೆಯಲ್ಲಿ ಬಂದ ಮೇಲೆ ನೋಡಿದರು.

ಚಿತ್ರ ಬಂದ ಮರುದಿನವೇ ನ್ಯಾಯ ಸಿಕ್ಕಿತೆಂದು ನಾನು ಹೇಳುವದಿಲ್ಲ. ಅಂಥ ಕತೆ ಸಿನೇಮಾದವರಿಗಿರಲಿ. 1916ರಲ್ಲಿ ಅಲ್ಲಿ ಒಂದು ಕಾಯದೆಯಾಯಿತು. 1918ರಲ್ಲಿ ಅವರ ಸುಪ್ರೀಮ್ ಕೋರ್ಟು ಅದನ್ನು ಹೊಡೆದುಹಾಕಿತು. ಗಟ್ಟಿಯಾದ ಕಾಯದೆ ಬಂದದ್ದು 1938ರಲ್ಲಿ, ಹೈನ್ ಕೆಲಸ ಹಿಡಿದ ಮೂವತ್ತು ವರ್ಷದ ಮೇಲೆ. ಎರಡು ವರ್ಷ ಬಿಟ್ಟು 1940ರಲ್ಲಿ ಅವನು ಬಡತನದಲ್ಲಿ ತೀರಿಕೊಂಡ. ನಮ್ಮಲ್ಲಿ 1948ರ ಕಾರ್ಖಾನೆ ಕಾಯದೆ ಹದಿನಾಲ್ಕು ತುಂಬದ ಮಕ್ಕಳನ್ನು ಕಾರ್ಖಾನೆಯೊಳಗೆ ಸೇರಿಸಕೂಡದೆಂದಿತು. 1986ರಲ್ಲಿ ಬೇರೆ ಕಾಯದೆಯಾಗಿ, 2016ರಲ್ಲಿ ಅದನ್ನು ತಿದ್ದಿ ಎಲ್ಲ ಕೆಲಸಗಳಿಗೂ ನಿಷೇಧ ಹಾಕಿದರು. ಆದರೆ ಮನೆಯವರ ಉದ್ಯೋಗದಲ್ಲಿ ಶಾಲೆಯ ಹೊರಗಿನ ಹೊತ್ತಿನಲ್ಲಿ ನೆರವಾಗಬಹುದು ಎಂದು ಒಂದು ಬಾಗಿಲನ್ನು ತೆರೆದೇ ಇಟ್ಟರು. ಆ ಬಾಗಿಲಿನೊಳಗೆ ಎಷ್ಟು ಮಕ್ಕಳು ಹೋಗುತ್ತಾರೆ ಎಂಬುದನ್ನು ಚಹದಂಗಡಿಯಲ್ಲಿ ಲೋಟ ತೊಳೆಯುವ "ಮಾಲೀಕರ ತಂಗಿಯ ಮಗ"ನನ್ನು ನೋಡಿದವರೆಲ್ಲ ಬಲ್ಲರು.

ಹೈನ್ ಹೊರಗಿನಿಂದ ಬಂದವನು. ಕೆಲಸಗಾರನೇ ಕ್ಯಾಮರಾ ಹಿಡಿದದ್ದೂ ಉಂಟು. 1926ರಲ್ಲಿ ಜರ್ಮನಿಯ ಕಾರ್ಮಿಕರ ಸಚಿತ್ರ ಪತ್ರಿಕೆಯೊಂದು, ನಿಮ್ಮ ಬೀದಿ, ನಿಮ್ಮ ಕೆಲಸ, ನಿಮ್ಮ ಮನೆಯ ಚಿತ್ರಗಳನ್ನು ನೀವೇ ತೆಗೆದು ಕಳಿಸಿರೆಂದು ಕರೆ ಕೊಟ್ಟಿತು. ಊರೂರಿಗೆ ಕೆಲಸಗಾರ ಛಾಯಾಚಿತ್ರಕಾರರ ಗುಂಪುಗಳು ಹುಟ್ಟಿದವು. 1933ರಲ್ಲಿ ಹಿಟ್ಲರ್ ಬಂದ. ಪತ್ರಿಕೆ ಪ್ರಾಗಿಗೆ ಓಡಿತು. ನಮ್ಮ ದೇಶದಲ್ಲಿ 1943ರ ಬಂಗಾಲದ ಬರಗಾಲವನ್ನು ಸುನೀಲ್ ಜಾನಾ ತನ್ನ ಪಕ್ಷದ ಪತ್ರಿಕೆಗಾಗಿ ಚಿತ್ರಿಸಿದರು. ಹಸಿವೆಯನ್ನು ಅಂಕಿಗಳಲ್ಲಿ ಓದಿದವರಿಗೆ ಅದರ ಮುಖ ತೋರಿಸಿದರು. ಇವರೆಲ್ಲ ಕಮ್ಯುನಿಸ್ಟರು; ಅವರಿಗೂ ನಮಗೂ ಇರುವ ಜಗಳ ಇವತ್ತಿನದಲ್ಲ. ಆದರೆ ನೆರೆಮನೆಯವನ ಕೂಡ ಮಾತು ಬಿಟ್ಟಿದ್ದರೂ ಅವನ ಬಾವಿಯ ನೀರು ಸಿಹಿಯಾಗಿದ್ದರೆ ಸಿಹಿ ಎನ್ನಲೇಬೇಕು.

ನಮ್ಮ ಕನ್ನಡ ನಾಡಿನವರೇ ಆದ ಟಿ. ಎಸ್. ಸತ್ಯನ್ ಅವರ ಹೆಸರನ್ನು ಇಲ್ಲಿ ಹೇಳಬೇಕು. ಮೈಸೂರಿನವರು, 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. ಪತ್ರಿಕೆಗಳಿಗಾಗಿ ದೇಶವೆಲ್ಲ ತಿರುಗಿದರು. ಪ್ರಧಾನಿಗಳನ್ನೂ ಗೋವೆಯ ವಿಮೋಚನೆಯನ್ನೂ ಚಿತ್ರಿಸಿದರು. 1977ರಲ್ಲಿ ಪದ್ಮಶ್ರೀ ಬಂತು. ಆದರೆ ಅವರ ಮನಸ್ಸು ನಿಂತದ್ದು ಸಾಮಾನ್ಯ ಜನರ ಮೇಲೆ, ಅದರಲ್ಲಿಯೂ ಮಕ್ಕಳ ಮೇಲೆ. 1979ರ ಮಕ್ಕಳ ವರ್ಷದಲ್ಲಿ ಯುನಿಸೆಫ್ ಸಂಸ್ಥೆ ಅವರ ಮಕ್ಕಳ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಕ್ಕೆ ಇಟ್ಟಿತು. ಅವರ ಚಿತ್ರಗಳಲ್ಲಿ ಬಡ ಮಗು ಮೊದಲು ಮಗು, ಆಮೇಲೆ ಬಡವ. ಇದು ಹೇಳಲಿಕ್ಕೆ ಸುಲಭ. ದಾನ ಬೇಡುವ ಸಂಸ್ಥೆಗಳ ಭಿತ್ತಿಪತ್ರಗಳನ್ನು ನೋಡಿರಿ. ಅಲ್ಲಿ ಬಡವನಿಗೆ ಕಣ್ಣೀರಿನ ಹೊರತು ಬೇರೆ ಕೆಲಸವೇ ಇಲ್ಲ.

ಇನ್ನೊಂದು ಸಂಗತಿ. 1946ರಲ್ಲಿ ಮಾರ್ಗರೆಟ್ ಬರ್ಕ್-ವೈಟ್ ಎಂಬ ಅಮೇರಿಕನ್ ಬಾಯಿ ಗಾಂಧೀಜಿಯವರು ಚರಕದ ಬಳಿ ಕೂತ ಚಿತ್ರ ತೆಗೆಯಲಿಕ್ಕೆ ಬಂದಳು. ನಿನಗೆ ನೂಲಲಿಕ್ಕೆ ಬರುತ್ತದೆಯೇ ಎಂದು ಆಶ್ರಮದವರು ಕೇಳಿದರು. ಬಾರದು ಎಂದಳು. ಹಾಗಾದರೆ ಮೊದಲು ಕಲಿ, ಆಮೇಲೆ ಚಿತ್ರ ಎಂದರು. ಅವಳು ಕೂತು ಕಲಿತಳು, ಆಮೇಲೆ ತೆಗೆದಳು. ಲೋಕವೆಲ್ಲ ಬಲ್ಲ ಚಿತ್ರ ಅದು. ಆ ಆಶ್ರಮದವರ ಹಟ ನನಗೆ ಬಹಳ ಸೇರಿದೆ. ಕೆಲಸವನ್ನು ತಿಳಿಯದವನು ಕೆಲಸದ ಚಿತ್ರ ತೆಗೆದರೆ ಬೆವರನ್ನು ತೆಗೆದಾನು, ಕೈಚಳಕವನ್ನು ತೆಗೆಯಲಾರ. ಆ ಲೆಕ್ಕದಿಂದ ನೋಡಿದರೆ ಗಿರಣಿಯ ಚಿತ್ರ ತೆಗೆಯುವ ಅಧಿಕಾರ ನಿಮಗಿದ್ದಷ್ಟು ಪೇಟೆಯ ಸ್ಟುಡಿಯೋದವನಿಗಿಲ್ಲ.

ಚರಕದ ಮಾತು ಬಂತೆಂದು ಹೇಳುತ್ತೇನೆ. ನಮ್ಮ ಬೆಂಗೇರಿಗೆ ಎಷ್ಟು ಜನ ಹೋಗಿದ್ದೀರಿ? 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ಖಾದಿಯ ರಾಷ್ಟ್ರಧ್ವಜವನ್ನು ಸರಕಾರದ ಪ್ರಮಾಣಕ್ಕೆ ಸರಿಯಾಗಿ ಅಲ್ಲಿ ತಯಾರಿಸುತ್ತಾರೆ. ಕೆಲಸದವರಲ್ಲಿ ಹೆಚ್ಚಿನವರು ಹೆಂಗಸರು. ಧ್ವಜದ ಉದ್ದ-ಅಗಲ ಮೂರಕ್ಕೆ ಎರಡು. ಚಕ್ರಕ್ಕೆ ಇಪ್ಪತ್ತನಾಲ್ಕು ಕಡ್ಡಿ. ಎರಡೂ ಬದಿಯ ಚಕ್ರ ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ಆರು ಇಂಚಿನ ಮೇಜಿನ ಧ್ವಜದಿಂದ ಇಪ್ಪತ್ತೊಂದು ಅಡಿಯ ಧ್ವಜದ ವರೆಗೆ ಒಂಬತ್ತು ಅಳತೆ. ಹದಿನೈದು ಅಗಸ್ಟಿಗೆ ನಾವೆಲ್ಲ ತಲೆಯೆತ್ತಿ ಧ್ವಜವನ್ನು ನೋಡುತ್ತೇವೆ, ಚಿತ್ರ ತೆಗೆಯುತ್ತೇವೆ. ಅದರ ಹೊಲಿಗೆಯನ್ನು ನೋಡಿದವರು ಯಾರು? 2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ನಿಯಮ ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಟ್ಟಿತು. ಸಂಘದವರು ವಿರೋಧಿಸಿದರು. ಮನೆಮನೆಗೆ ಧ್ವಜ ಎಂದು 2022ರಲ್ಲಿ ದೊಡ್ಡ ಗದ್ದಲವಾಯಿತು, ಆ ಹೊತ್ತಿಗೆ ಬೆಂಗೇರಿಯ ಆ ಕೈಗಳ ಚಿತ್ರ ಮನೆಮನೆಯಲ್ಲಿ ಇದ್ದಿದ್ದರೆ ನಮ್ಮ ಊರವರಾದರೂ ಅಂಗಡಿಯಲ್ಲಿ, "ಇದು ಯಾವ ಅರಿವೇದರೀ?" ಎಂದು ಒಂದು ಮಾತು ಕೇಳುತ್ತಿದ್ದರೋ ಏನೋ.

ಸಮಾಜವಾದಿಗಳಿಗೆ ಈ ನೋಟ ಹೊಸದಲ್ಲ. 1951ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಇದೆಲ್ಲ ನಿಮಗೆ ಗೊತ್ತು. ಆದರೆ ಜಗಳ ಮೊದಲು ಹುಟ್ಟಿದ್ದು ಯಾತರಿಂದ? ಒಂದು ಕೊಳಗದಿಂದ. ಗೇಣಿಯ ಭತ್ತ ಅಳೆಯುವ ಒಡೆಯರ ಕೊಳಗ ದೊಡ್ಡದು. ಅಪ್ಪನೂ ಅಜ್ಜನೂ ಅದರಲ್ಲೇ ಅಳೆದುಕೊಟ್ಟಿದ್ದರು. ಪ್ರತಿ ಸುಗ್ಗಿಯಲ್ಲಿಯೂ ಕಣದ ಮೇಲೆ ಅದು ಎಲ್ಲರಿಗೂ ಕಾಣುತ್ತಿತ್ತು. ಒಂದು ದಿನ ಅದನ್ನು ನೋಡಿದರು. ಯಾಕೆ ಇಷ್ಟು ದೊಡ್ಡದು ಎಂದು ಕೇಳಿದರು. ಅಲ್ಲಿಂದ ಹೊತ್ತಿದ ಕಿಚ್ಚು ಗೇಣಿ ಪದ್ಧತಿಯ ಬುಡದ ವರೆಗೆ ಹೋಯಿತು. ಅವರ ಕೈಯಲ್ಲಿ ಕ್ಯಾಮರಾ ಇರಲಿಲ್ಲ, ನಿಜ. ನಮ್ಮ ಕೈಯಲ್ಲಿದೆ, ನಮ್ಮ ಕೊಳಗ ಯಾವದು ಎಂದು ಹುಡುಕಲಿಕ್ಕೆ ಅದು ಬೇಕು.

ಹೇಗೆ ಹುಡುಕುವದು? ದೂರ ಹೋಗಬೇಡಿರಿ. ಉಣಕಲ್ ಕೆರೆಯ ದಂಡೆಯ ಮೇಲೆ ಹಲ್ಲು ಕಿರಿದು ತೆಗೆದುಕೊಂಡ ಚಿತ್ರ ನಿಮ್ಮಲ್ಲಿ ಸಾಕಷ್ಟಿವೆ. ಅವುಗಳಿಗೆ ನನ್ನ ತಕರಾರಿಲ್ಲ. ಎರವಲು ಕೋಟು ಹಾಕಿ, ತಾಜಮಹಲಿನ ಪರದೆಯ ಮುಂದೆ ನಿಂತು ತೆಗೆಸಿಕೊಂಡ ನಮ್ಮಪ್ಪಂದಿರ ಫೋಟೋಕ್ಕೂ ನಾನು ನಗುವವನಲ್ಲ. ಒಂದು ದಿನವಾದರೂ ಚೆನ್ನಾಗಿ ಕಾಣಬೇಕೆಂಬ ಆಸೆ ದೊಡ್ಡದು. ಆದರೆ ಅದೇ ಮೊಬಾಯಿಲನ್ನು ಒಮ್ಮೆ ಹೊರಮುಖವಾಗಿ ತಿರುಗಿಸಿರಿ. ಒಂದೇ ಜಾಗೆಯನ್ನು ಹಿಡಿಯಿರಿ: ನಿಮ್ಮ ಓಣಿಯ ನಲ್ಲಿ, ಅಥವಾ ಗಿರಣಿಯ ಬಾಗಿಲು, ಅಥವಾ ನಿಮ್ಮ ಅಂಗಡಿಯ ಕಟ್ಟೆ. ಮುಂಜಾನೆ ಆರಕ್ಕೆ, ನಡುಮಧ್ಯಾಹ್ನ, ದೀಪ ಹಚ್ಚುವ ಹೊತ್ತಿಗೆ, ರಾತ್ರಿ ಪಾಳಿ ಬಿಟ್ಟಾಗ, ಹೀಗೆ ನಾಲ್ಕು ಸಲ ಅಲ್ಲಿಯೇ ನಿಂತು ತೆಗೆಯಿರಿ. ಮುಂಜಾನೆಯ ಬೆಳಕು ಅಡ್ಡ ಬರುವದರಿಂದ ಗೋಡೆಯ ಬಿರುಕು, ಮುಖದ ಗೆರೆ, ಕಲ್ಲಿನ ಸವಕಳಿ ಎದ್ದು ಕಾಣುತ್ತವೆ. ನಡುಹಗಲಿನ ಬಿಸಿಲು ನೆತ್ತಿಯ ಮೇಲೆ ಬಿದ್ದು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಮತ್ತೆ ಒಂದು ಸಲ ಮೊಣಕಾಲೂರಿ ನಿಮ್ಮ ಮಗುವಿನ ಕಣ್ಣಿನ ಎತ್ತರದಿಂದ ತೆಗೆಯಿರಿ. ನಿಮಗೆ ಮೊಣಕಾಲಿನಷ್ಟು ಇರುವ ಗಟಾರದ ಅಂಚು ಅದಕ್ಕೆ ಎದೆಯ ಮಟ್ಟ ಎಂಬುದು ಆಗ ತಿಳಿಯುತ್ತದೆ. ಮುಖ ಬಿಟ್ಟು ಬರೀ ಕೈಗಳನ್ನು ತೆಗೆಯಿರಿ. ಹಮಾಲನ ಕೈ, ಗಿರಮಿಟ್ಟು ಕಲಸುವವಳ ಕೈ, ಸಿಂಪಿಗನ ಹೆಬ್ಬೆರಳು.

ಹುಬ್ಬಳ್ಳಿ ಸ್ಟೇಶನ್ನಿನ ಹೊಸ ಪ್ಲಾಟಫಾರ್ಮು 1507 ಮೀಟರ್ ಉದ್ದ. ಜಗತ್ತಿನಲ್ಲಿಯೇ ಉದ್ದದ್ದೆಂದು 2023ರ ಮಾರ್ಚಿನಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದರು. ಊರಿಗೆ ಹೆಮ್ಮೆಯ ಮಾತು. ಎಲ್ಲರೂ ಅದರ ಉದ್ದವನ್ನು ಚಿತ್ರಿಸುತ್ತಾರೆ. ಆ ಒಂದೂವರೆ ಕಿಲೋಮೀಟರನ್ನು ಕಸಬರಿಗೆ ಹಿಡಿದು ಬಾಗಿ ನಡೆದವಳ ಕಡೆಯಿಂದ ಯಾರಾದರೂ ತೆಗೆದಿದ್ದಾರೆಯೇ? ಈ ತುದಿಯಲ್ಲಿ ಅವಳು ಗುಡಿಸಲಿಕ್ಕೆ ಹತ್ತಿದಾಗ ಆ ತುದಿ ಎಷ್ಟು ದೂರ ಕಾಣುತ್ತದೆ? ಅವಳನ್ನು ಕೇಳಿ, ಅವಳ ಪಕ್ಕದಲ್ಲಿ ನಿಂತು ತೆಗೆಯಿರಿ. ಆಗ 1507 ಎಂಬ ಅಂಕಿಗೆ ಬೇರೆ ಅರ್ಥ ಬರುತ್ತದೆ.

ವ್ಯಾಪಾರಸ್ಥ ಬಂಧುಗಳಿಗೆ ಒಂದು ರೊಕ್ಕದ ಮಾತು. ಗ್ರೀನ್ಲಾ-ಗೋಲಿಂಗ್ಸ್ ಉಪಾಯವನ್ನು ನೆನಪಿಡಿರೆಂದಿದ್ದೆ. ಬೀದಿ ವ್ಯಾಪಾರಿಗಳ ಕಾಯದೆ 2014ರಲ್ಲಿ ಆಯಿತು. ಊರಿನ ವ್ಯಾಪಾರ ಸಮಿತಿ ಬೀದಿ ವ್ಯಾಪಾರಿಗಳ ಗಣತಿ ಮಾಡಬೇಕು, ಪ್ರಮಾಣಪತ್ರ ಕೊಡಬೇಕು. ಗಣತಿ ಮುಗಿಯುವ ವರೆಗೆ ಯಾರನ್ನೂ ಎಬ್ಬಿಸಕೂಡದು. ಆಮೇಲೂ ಎಬ್ಬಿಸಬೇಕಾದರೆ ಮೂವತ್ತು ದಿವಸದ ನೋಟೀಸು ಕೊಡಬೇಕು. ಸಾಮಾನು ಜಪ್ತು ಮಾಡಿದರೆ ಪಟ್ಟಿ ಮಾಡಿ ಕೊಡಬೇಕು. ಕೆಡುವಂಥ ಸಾಮಾನನ್ನು ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ತಿರುಗಿ ಕೊಡಬೇಕು. ಇಷ್ಟೆಲ್ಲ ಕಾಗದದ ಮೇಲಿದೆ. "ನೀನು ಇಲ್ಲಿ ಕೂತಿದ್ದೆ ಎಂಬುದಕ್ಕೆ ಏನು ಪುರಾವೆ?" ಎಂದು ಸಾಹೇಬರು ಕೇಳಿದಾಗ ನಮ್ಮಕ್ಕಗಳು ಬಾಯಿ ಬಾಯಿ ಬಿಡುತ್ತಾರೆ. ಪ್ರತಿ ತಿಂಗಳು ಮೊದಲ ದಿನ, ಒಂದೇ ಜಾಗೆಯಿಂದ, ನಿಮ್ಮ ಗಾಡಿ, ಹಿಂದಿನ ಗೋಡೆ, ಪಕ್ಕದ ವಿದ್ಯುತ್ ಕಂಬ ಎಲ್ಲ ಕಾಣುವಂತೆ ಒಂದು ಚಿತ್ರ ತೆಗೆಯಿರಿ. ವರ್ಷಕ್ಕೆ ಹನ್ನೆರಡು ಚಿತ್ರ. ಅವೇ ನಿಮ್ಮ ಉತಾರ.

ಗಿರಣಿಯವರಿಗೆ ಎಚ್ಚರಿಕೆ: ಒಳಗೆ ಮೊಬಾಯಿಲು ಒಯ್ಯಬಾರದೆಂಬ ನಿಯಮವಿದ್ದಲ್ಲಿ ಒಬ್ಬೊಬ್ಬರೇ ಹುಂಬತನಕ್ಕೆ ಬೀಳಬೇಡಿರಿ. ಒಂದು ಚಿತ್ರಕ್ಕಾಗಿ ಒಂದು ನೌಕರಿ ಹೋದರೆ ಮನೆಯಲ್ಲಿ ಒಲೆ ಉರಿಯುವದಿಲ್ಲ. ಯಂತ್ರಕ್ಕೆ ಬೇಲಿ ಇಲ್ಲ, ನೆಲ ಜಾರುತ್ತದೆ ಎಂಬಂಥ ಮಾತಿದ್ದರೆ ಸಂಘದ ಮೂಲಕ ಬರೆದು ಕೊಡೋಣ, ಚಿತ್ರದ ವಿಷಯವನ್ನೂ ಸಂಘವೇ ಕೇಳಲಿ. ಬಾಗಿಲ ಹೊರಗಿನ ಲೋಕಕ್ಕಂತೂ ಯಾರ ಅಪ್ಪಣೆಯೂ ಬೇಡ. ಪಾಳಿಗೆ ಹೋಗುವಾಗಿನ ಮುಖ ಮತ್ತು ಬರುವಾಗಿನ ಮುಖ, ಇವೆರಡನ್ನು ಪಕ್ಕಪಕ್ಕ ಇಡಿರಿ, ಸಾಕು.

ಇನ್ನೊಂದು ಮಾತು ಹೆಣ್ಣುಮಕ್ಕಳ ಪರವಾಗಿ. ನಲ್ಲಿಯ ಹತ್ತಿರ, ಬಚ್ಚಲ ಹತ್ತಿರ, ದವಾಖಾನೆಯಲ್ಲಿ ಕೇಳದೇ ಚಿತ್ರ ತೆಗೆಯುವದು ನೋಡುವದಲ್ಲ, ಕದಿಯುವದು. ಮನುಷ್ಯರ ಚಿತ್ರ ತೆಗೆಯುವ ಮುಂಚೆ ಕೇಳಬೇಕು. ತೆಗೆದ ಮೇಲೆ ತೋರಿಸಬೇಕು. "ಬ್ಯಾಡಪ್ಪಾ, ಅಳಿಸು" ಎಂದರೆ ಅವರೆದುರೇ ಅಳಿಸಬೇಕು. ದುಡಿಯುವ ಮಕ್ಕಳ ಮುಖ ಗುರುತು ಸಿಗುವಂತೆ ತೆಗೆಯಕೂಡದು. ನಮ್ಮ ಒಳ್ಳೆಯ ಉದ್ದೇಶದಿಂದ ಅವರ ಮನೆಗೆ ತೊಂದರೆ ಬರಬಾರದು. ಬಾಳೆಹಣ್ಣು ಹಂಚುತ್ತ ರೋಗಿಯ ಕೂಡ ಫೋಟೋ ತೆಗೆಸಿಕೊಳ್ಳುವ ಪುಢಾರಿಗಳ ವಿದ್ಯೆ ನಮಗೆ ಬೇಡ. ನಮ್ಮ ಪಕ್ಷದವರಾದರೂ ಬೇಡ.

ಮುಂದಿನ ತಿಂಗಳ ಎರಡನೆಯ ರವಿವಾರ ಇದೇ ಜಾಗೆಯಲ್ಲಿ ಕೂಡೋಣ. ಒಬ್ಬೊಬ್ಬರು ಮೂರೇ ಚಿತ್ರ ತರಬೇಕು. ಮೂವತ್ತು ತಂದರೆ ಯಾರೂ ನೋಡುವದಿಲ್ಲ. ಅಂಗೈಯಗಲ ಅಚ್ಚು ಹಾಕಿಸಿದರೆ ಸಾಕು, ಅಚ್ಚಿನ ಖರ್ಚು ಭಾರವಾಗುವವರು ಮೊಬಾಯಿಲನ್ನೇ ತರಲಿ, ವರ್ಗಣಿಯಿಂದ ಹಾಕಿಸೋಣ. ಪ್ರತಿ ಚಿತ್ರದ ಹಿಂದೆ ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಯಾವ ಕೆಲಸ ಎಂದು ಬರೆಯಬೇಕು. ಹೈನ್ ಮಾಸ್ತರನ ಚೀಟಿಯಂತೆ. ಬರೆಯಲಿಕ್ಕೆ ಬಾರದವರು ಬಾಯಿಂದ ಹೇಳಿರಿ, ಹತ್ತನೆಯತ್ತೆ ಹುಡುಗರು ಬರೆದುಕೊಳ್ಳುತ್ತಾರೆ. ಚಿತ್ರಗಳನ್ನು ಈ ಗೋಡೆಗೆ ಹಗ್ಗ ಕಟ್ಟಿ ಅರಿವೆ ಒಣಹಾಕುವ ಚಿಮಟಿಗಳಿಂದ ತೂಗುಹಾಕುವದೆಂದು ಗೊತ್ತುಮಾಡಿದ್ದೇವೆ. ಹಗ್ಗ ನಾನು ತರುತ್ತೇನೆ. ಚಿಮಟಿಗಳನ್ನು ಮನೆಯಿಂದ ಹತ್ತು ಹತ್ತು ತನ್ನಿರಿ, ಮನೆಯವರನ್ನು ಕೇಳಿ.